ಬಲ್ಬಣ್ಣ ಹೆಂಡತಿಗೆ ಹಾಕಿಕೊಟ್ಟ ನಾಲ್ಕು ದೀಪ

ಬಲ್ಬು ಕೇಳಿಕೊಂಡು ಬಂದವರಿಗೆ ಬಲ್ಬು ಕೊಡದೆ ಪ್ರಶ್ನೆ ಕೇಳುತ್ತಿದ್ದ ಅಂಗಡಿಯವನೊಬ್ಬನಿದ್ದ. ಹೆತ್ತವರು ಇಟ್ಟ ಹೆಸರು ಯಾವುದೋ ಕಾಗದದಲ್ಲಿ ಭದ್ರವಾಗಿತ್ತು. ಬೀದಿಗೆಲ್ಲ ಅವನು ಬಲ್ಬಣ್ಣ. ಅಂಗಡಿಯೋ, ಇಬ್ಬರು ಒಳಗೆ ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕು, ಅಷ್ಟು. ಗೋಡೆಗೊಂದು ಹಲಗೆ, ಹಲಗೆಯ ಮೇಲೆ ಆರು ಹೋಲ್ಡರು, ಆರು ಸ್ವಿಚ್ಚು. ಯಾವ ಬಲ್ಬನ್ನೂ ಅಲ್ಲಿ ಹೊತ್ತಿಸಿ ತೋರಿಸದೆ ಅವನು ಮಾರಿದವನಲ್ಲ.

"ಅರವತ್ತು ವ್ಯಾಟಿಂದು ಒಂದು ಕೊಡಿ."

"ಯಾವ ರೂಮಿಗೆ?"

"ಅಡುಗೆಮನೆಗೆ ಕಣಣ್ಣ. ಬಲ್ಬಿಗೂ ಜಾತಕ ನೋಡ್ತೀಯಾ?"

"ವ್ಯಾಟು ಅಂದ್ರೆ ಅದು ತಿನ್ನೋ ಕರೆಂಟು, ಕೊಡೋ ಬೆಳಕಲ್ಲ. ಆಳನ್ನ ಇಟ್ಕೊಳ್ಳೋವಾಗ ಎಷ್ಟು ತಿಂತೀಯ ಅಂತ ಕೇಳ್ತೀಯೋ, ಎಷ್ಟು ಕೆಲಸ ಮಾಡ್ತೀಯ ಅಂತ ಕೇಳ್ತೀಯೋ?"

ಆಮೇಲೆ ಡಬ್ಬಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಉಗುರಿಟ್ಟು ತೋರಿಸುತ್ತಿದ್ದ. ಲ್ಯೂಮೆನ್ ಅಂತ ಇದೆಯಲ್ಲ, ಅದು ಬೆಳಕಿನ ಅಳತೆ. ಹಳೇ ಅರವತ್ತರ ಬಲ್ಬು ಕೊಡುತ್ತಿದ್ದದ್ದು ಹತ್ತಿರ ಹತ್ತಿರ ಎಂಟುನೂರು ಲ್ಯೂಮೆನ್. ಈಗಿನದು ಒಂಬತ್ತೇ ವ್ಯಾಟು ತಿಂದು ಅಷ್ಟನ್ನೂ ಕೊಡುತ್ತೆ. ಮಲಗೋ ಕೋಣೆಗೆ ನಾನೂರೈವತ್ತರ ಹಳದಿ ಬೆಳಕು ಸಾಕು. ಚಾಕು ಹಿಡಿಯೋ ಕಡೆ, ಸೂಜಿ ಹಿಡಿಯೋ ಕಡೆ ಬಿಳಿ ಬೇಕು, ಜಾಸ್ತಿ ಬೇಕು. ಗೋಡೆಗೆ ಕಡು ಬಣ್ಣ ಬಳಿದಿದ್ದರೆ ಕೊಟ್ಟ ಬೆಳಕನ್ನು ಗೋಡೆಯೇ ನುಂಗಿ ಕೂರುತ್ತೆ. ಇಷ್ಟು ಕೇಳಿಸಿಕೊಂಡು, ಅರವತ್ತರ ಬದಲು ಒಂಬತ್ತರದನ್ನು ಕೈಯಲ್ಲಿ ಹಿಡಿದು, ಮೋಸ ಹೋದೆನೋ ಏನೋ ಅಂದುಕೊಂಡು ಹೋದ ಗಿರಾಕಿ ಮಾರನೇ ವಾರ ನಗುತ್ತ ಇನ್ನೊಂದಕ್ಕೆ ಬರುತ್ತಿದ್ದ. ಮೂವತ್ತು ವರ್ಷ ಹೀಗೆ ನಡೆಯಿತು. ಬೆಳಕಿನ ವಿಷಯದಲ್ಲಿ ಬಲ್ಬಣ್ಣನ ಮಾತಿಗೆ ಎದುರಾಡುವವರು ಆ ಬೀದಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವನ ಹೆಂಡತಿ ರಫು ಮಾಡುವವಳು. ಬೀಡಿ ಕಿಡಿ ಬಿದ್ದು ತೂತಾದ ಕೋಟು, ಇಲಿ ಕಡಿದ ಶಾಲು ಅವಳ ಮಡಿಲಿಗೆ ಬರುತ್ತಿದ್ದವು. ಅದೇ ಬಟ್ಟೆಯ ಅಂಚಿನ ಒಳಮಡಿಕೆಯಿಂದ ಎಳೆ ಬಿಚ್ಚಿ, ಆ ಎಳೆಯನ್ನೇ ತೂತಿನ ಅಡ್ಡಕ್ಕೂ ಉದ್ದಕ್ಕೂ ಒಂದೊಂದಾಗಿ ಕೂರಿಸುತ್ತಿದ್ದಳು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನೇ ತಡಕಾಡಬೇಕು. ಬೀದಿಯ ಧೂಳು ಬೀಳಬಾರದೆಂದು ಅವಳು ಕೂರುತ್ತಿದ್ದದ್ದು ಕಿಟಕಿಯಿಲ್ಲದ ಒಳಕೋಣೆಯಲ್ಲಿ. ಹಗಲಿಗೂ ಅಲ್ಲಿ ದೀಪ ಬೇಕು.

ಒಂದು ದಿನ ಅವಳು ಅಂದಳು, "ಬೆಳಕು ಯಾಕೋ ಸಾಲ್ತಿಲ್ಲ ರೀ."

ಗಂಡನಿಗೆ ಹಬ್ಬ. ಹೆಂಡತಿ ಮೂವತ್ತು ವರ್ಷದಲ್ಲಿ ಅವನ ಕಸುಬಿನಿಂದ ಏನನ್ನೂ ಕೇಳಿದವಳಲ್ಲ. ಎಂಟುನೂರರ ಬಲ್ಬು ಕಳಚಿ ಹದಿನಾರು ನೂರರದ್ದು ಹಾಕಿದ. "ಈಗ?" ಅಂದ. "ಈಗ ಪರವಾಗಿಲ್ಲ" ಅಂದಳು.

ನಾಲ್ಕು ತಿಂಗಳಾಗಿರಲಿಲ್ಲ, ಎಡಗಡೆ ಇಟ್ಟ ಕತ್ತರಿ ಸಿಗುವುದು ನಿಂತಿತು. ಕೈ ಚಾಚಿದರೆ ಕತ್ತರಿ ನೆಲಕ್ಕೆ, ನೀರಿನ ಲೋಟ ಮಡಿಲಿಗೆ. "ಆ ಕಡೆ ಕತ್ತಲು ರೀ" ಅಂದಳು. ಬಲ್ಬಣ್ಣ ಮೇಜಿನ ಎಡಕ್ಕೆ ಒಂದು ಟೊಪ್ಪಿಗೆ ದೀಪ ಕೂರಿಸಿದ, ನಾನೂರೈವತ್ತರದ್ದು. ಟೊಪ್ಪಿಗೆ ಬಗ್ಗಿಸಿ, ಬೆಳಕು ಕತ್ತರಿಯ ಜಾಗದ ಮೇಲಷ್ಟೇ ಬೀಳುವ ಹಾಗೆ ಮಾಡಿದ.

ಆ ವಾರವೇ ಹೆಂಡತಿಯ ತಂಗಿ ಬಂದಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಒಳಕೋಣೆಗೆ ಕಾಲಿಟ್ಟವಳೇ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದಳು.

"ಏನ್ ಭಾವ, ಅಕ್ಕನ್ನ ಕೂರಿಸಿದೀರೋ, ಬಿಸಿಲಿಗೆ ಒಣಗೋಕೆ ಹಾಕಿದೀರೋ?"

"ನಿಮ್ಮಕ್ಕನಿಗೆ ಬೆಳಕು ಸಾಲಲ್ಲ ಕಣಮ್ಮ."

"ಇಷ್ಟು ಬೆಳಕು ಸಾಲದೆ ಇದ್ರೆ ದೋಷ ದೀಪದ್ದಲ್ಲ ಭಾವ. ಕಣ್ಣಿನ ಡಾಕ್ಟ್ರಿಗೆ ತೋರಿಸಿ."

ಅಂಗಡಿಗೆ ಬಂದು ಸರಕಿಗೆ ಹೆಸರಿಟ್ಟ ಹಾಗಾಯಿತು ಅವನಿಗೆ. ಮುಖ ಊದಿಸಿಕೊಂಡು ಎದ್ದ, ಬಲ್ಬಿನ ಡಬ್ಬಿಯೊಂದನ್ನು ತಂದು ಹೆಂಡತಿಯ ಮೂಗಿನ ನೇರಕ್ಕೆ ಹಿಡಿದ. "ಓದು." ಅವಳು ಓದಿದಳು. ಲ್ಯೂಮೆನ್ ಎಷ್ಟು, ಎಷ್ಟು ಗಂಟೆ ಉರಿಯುತ್ತೆ, ಕೊನೆಗೆ ತಳದಲ್ಲಿ ಅಚ್ಚು ಮಾಸಿದ್ದ ತಯಾರಿಕೆಯ ತಿಂಗಳು ಸಮೇತ.

"ಕೇಳಿದ್ಯಾ? ನನ್ನ ಅಂಗಡೀಲಿ ಇಪ್ಪತ್ತರ ಹುಡುಗರು ಇದನ್ನ ಓದಕ್ಕಾಗದೆ ನನ್ನ ಕೈಗೆ ಕೊಡ್ತಾರೆ. ಕಣ್ಣಂತೆ, ಡಾಕ್ಟ್ರಂತೆ."

ನಾದಿನಿ ಸೆರಗು ಕೊಡವಿಕೊಂಡು ಹೊರಗೆ ಹೋದಳು. ಹೆಂಡತಿಯೂ ನಕ್ಕಳು, ಗಂಡ ಗೆದ್ದ ಅಂತ.

ಆಮೇಲೆ ಬಲಗಡೆ ದಾರದ ಪೆಟ್ಟಿಗೆಯ ಹತ್ತಿರ ಕತ್ತಲಾಯಿತು, ಅಲ್ಲೊಂದು ನಾನೂರೈವತ್ತರದ್ದು ಬಂತು. ಬಾಗಿಲ ಚೌಕಟ್ಟಿಗೆ ಅವಳ ಭುಜ ದಿನಾ ಬಡಿದು ನೀಲಿಗಟ್ಟತೊಡಗಿದ ಮೇಲೆ ಬಾಗಿಲಿಗೆ ಎಂಟುನೂರರದ್ದು. ಒಟ್ಟು ಮೂರು ಸಾವಿರದ ಮುನ್ನೂರು. ಮದುವೆ ಮನೆಗೂ ಯಾರೂ ಅಷ್ಟು ಹಚ್ಚುವುದಿಲ್ಲ. ಪ್ರತಿ ದೀಪ ಹಾಕಿದಾಗಲೂ "ಈಗ?" ಅನ್ನುವನು, ಅವಳು "ಈಗ ಪರವಾಗಿಲ್ಲ" ಅನ್ನುವಳು. ಅವನು ಅಷ್ಟು ಆಸೆಯಿಂದ ಸ್ಟೂಲಿನ ಮೇಲೆ ನಿಂತು ಕೆಳಗೆ ನೋಡುತ್ತಿದ್ದರೆ ಬೇರೇನು ಅನ್ನಲು ಬಾಯಿ ಬಂದೀತು?

ನಾದಿನಿ ಮಾತಾಡಿದ ಮೇಲೆ ಎರಡು ವರ್ಷ ಸರಿದಿತ್ತು. ಒಂದು ಮಧ್ಯಾಹ್ನ ಹೆಂಡತಿ ರಫು ಮಾಡಿದ ಕೋಟನ್ನು ಎದುರುಗಡೆ ಮನೆಗೆ ಕೊಡಲು ಬೀದಿ ದಾಟುತ್ತಿದ್ದಳು. ಎಡಗಡೆಯಿಂದ ಬಂದ ಸೈಕಲ್ಲು ಗಂಟೆ ಬಾರಿಸುತ್ತಲೇ ಬಂದು ಗುದ್ದಿತು. ಬಲ್ಬಣ್ಣ ಅಂಗಡಿಯಿಂದ ಓಡಿ ಬಂದಾಗ ಮೊಣಕೈ ತರಚಿಕೊಂಡು ರಸ್ತೆಯಲ್ಲಿ ಕೂತಿದ್ದಳು.

"ಎಲ್ಲಿಂದ ಬಂತೋ ರೀ. ಗಂಟೆ ಕೇಳಿಸ್ತು, ಸೈಕಲ್ ಕಾಣಲಿಲ್ಲ. ಆ ಕಡೆ ಕತ್ತಲು."

ಬಲ್ಬಣ್ಣ ತಲೆ ಎತ್ತಿ ನೋಡಿದ. ಮೋಡದ ಒಂದು ಎಳೆಯೂ ಇಲ್ಲದ ನಡುಮಧ್ಯಾಹ್ನ. ಇದಕ್ಕಿಂತ ದೊಡ್ಡ ಬಲ್ಬು ಅವನ ಅಂಗಡಿಯಲ್ಲಿ ಇರಲಿಲ್ಲ, ಯಾರ ಅಂಗಡಿಯಲ್ಲೂ ಇರಲಿಲ್ಲ. ಅವಳನ್ನು ಎಬ್ಬಿಸಿದ, ಅಂಗಡಿಯ ಬಾಗಿಲು ಎಳೆದ.

ಕಣ್ಣಿನ ಆಸ್ಪತ್ರೆಯಲ್ಲಿ ಅವಳ ಗದ್ದವನ್ನು ಒಂದು ಯಂತ್ರದ ಮೇಲೆ ಇರಿಸಿದರು. ಎದುರಿಗೆ ಬಿಳಿ ಬೋಗುಣಿಯಂಥದ್ದು, ಅದರೊಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮೂಡುತ್ತೆ. ನೇರ ನೋಡುತ್ತಲೇ ಇರಬೇಕು, ಚುಕ್ಕಿ ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲ್ಬಣ್ಣ ಮೂಲೆಯಲ್ಲಿ ನಿಂತು ಗುಂಡಿಯ ಟಿಕ್ ಶಬ್ದಕ್ಕೆ ಕಿವಿಗೊಟ್ಟ. ಒಮ್ಮೆ ಬಂತು. ಆಮೇಲೆ ಬಹಳ ಹೊತ್ತು ಬರಲಿಲ್ಲ. ಮತ್ತೊಮ್ಮೆ ಬಂತು. ಅಷ್ಟೊಂದು ಹೊತ್ತಿನಲ್ಲಿ ಅವಳು ಗುಂಡಿ ಒತ್ತಿದ್ದು ಬೆರಳಲ್ಲಿ ಎಣಿಸುವಷ್ಟು.

ಡಾಕ್ಟರಮ್ಮ ಕಾಗದ ಮುಂದಿಟ್ಟರು. ನಡುವೆ ಬಟನ್ನಿನಷ್ಟು ಬಿಳಿ, ಸುತ್ತ ಕಪ್ಪು.

"ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಬಂದಿದೆ. ಇದು ಬದಿಯಿಂದ ಶುರುವಾಗುತ್ತೆ. ನಡು ದೃಷ್ಟಿ ಕೊನೇವರೆಗೂ ಇರುತ್ತೆ, ಅದಕ್ಕೇ ಓದಕ್ಕೆ, ಹೊಲಿಯಕ್ಕೆ ತೊಂದರೆ ಗೊತ್ತಾಗಲ್ಲ."

"ಈ ಕಪ್ಪು ಇರೋ ಕಡೆ," ಬಲ್ಬಣ್ಣ ಕಾಗದದ ಮೇಲೆ ಉಗುರಿಟ್ಟ, "ಅಲ್ಲಿ ಎಷ್ಟು ಬೆಳಕು ತೋರಿಸಿದ್ರಿ ಅಮ್ಮ?"

"ಸಣ್ಣದರಿಂದ ಶುರು ಮಾಡಿ ಹೆಚ್ಚಿಸ್ತಾ ಹೋಗುತ್ತೆ ಯಂತ್ರ. ಕಪ್ಪು ಅಂದ್ರೆ ಅದರ ಹತ್ತಿರ ಇದ್ದ ಅತಿ ಹೆಚ್ಚಿನ ಬೆಳಕೂ ಕಾಣಲಿಲ್ಲ ಅಂತ."

"ಎರಡು ವರ್ಷ ಮುಂಚೆ ಬಂದಿದ್ರೆ?"

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಆಗ ಇದ್ದದ್ದರಲ್ಲಿ ಬಹಳಷ್ಟು ಉಳಿಸಬಹುದಿತ್ತು. ಹೋದದ್ದು ವಾಪಸ್ ಬರಲ್ಲ. ಈಗ ಡ್ರಾಪ್ಸ್ ಹಾಕೋಣ. ಈ ನಡುವಿನದು ಎಷ್ಟು ದಿನ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ."

ಮನೆಗೆ ಬಂದರು. ಅವಳು ಒಳಕೋಣೆಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಮೇಜಿನ ಮೇಲೆ ಅರ್ಧ ಮುಗಿದ ಶಾಲಿತ್ತು, ಅದನ್ನು ಎತ್ತಿಕೊಳ್ಳಲಿಲ್ಲ.

"ತಂಗಿ ಹೇಳಿದ್ದು ಯಾವಾಗ ರೀ? ಡಾಕ್ಟ್ರಿಗೆ ತೋರಿಸಿ ಅಂತ."

ನೆನಪಿಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು.

"ಎಡಗಡೆ ದೀಪ ಹಾಕಿದ ವಾರ," ಅಂದ. "ಎರಡು ವರ್ಷವಾಯ್ತು."

ಅವಳು ಶಾಲಿನಿಂದ ಸೂಜಿ ಕಿತ್ತು ದಾರದ ಉಂಡೆಗೆ ಚುಚ್ಚಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನಾನೂ ನಕ್ಕೆ ಅಲ್ವಾ ಅವತ್ತು," ಅಂದಳು. "ಪಾಪ, ಮುಖ ಸಣ್ಣ ಮಾಡ್ಕೊಂಡು ಹೋದಳು." ಆಮೇಲೆ, "ಇವನ್ನೆಲ್ಲ ಆರಿಸಿ. ನಡುವಿಂದು ಒಂದು ಇರಲಿ. ಉಳಿದದ್ದು ಯಾಕೆ ಸುಮ್ಮನೆ."

ಬಲ್ಬಣ್ಣ ಮೊದಲು ಬಾಗಿಲಿನದನ್ನು ಆರಿಸಿದ. ಆಮೇಲೆ ಬಲಗಡೆಯದು. ಮೇಜು ಸುತ್ತಿ ಬಂದು ಎಡಗಡೆಯ ಟೊಪ್ಪಿಗೆ ದೀಪದ ಸ್ವಿಚ್ಚು ಒತ್ತಿದ. ಕತ್ತರಿಯ ಮೇಲೆ ನೆರಳು ಬಿತ್ತು. ಅವನು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ರೆಪ್ಪೆ ಅಲುಗಲಿಲ್ಲ. ಅವನು ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಇದ್ದಾನೆಂಬುದೂ ಅವಳಿಗೆ ತಿಳಿದ ಹಾಗಿರಲಿಲ್ಲ. ಬಾಗಿಲ ಕಡೆಗೆ ಮುಖ ಮಾಡಿ ಕೇಳಿದಳು.

"ಆರಿಸಿದ್ರಾ?"

"ಆರಿಸಿದೆ," ಅಂದ.