ತಂತಿಗೆ ತಕ್ಕ ಫ್ಯೂಸ್

ಆ ಭಾನುವಾರ ಆರಾಧನೆ ಮುಗಿದು, ವಿಸ್ಕಾನ್ಸಿನ್ನಿನ ಆ ಸಣ್ಣ ಊರಿನವರು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಸುದ್ದಿ ಬಂತು. ನಸುಕಿನಲ್ಲಿ ದೀಪ ಹಚ್ಚಿಕೊಂಡು ಹಾರಿದ ಎಲ್ಡನ್ ಟಾಲೆಫ್ಸನ್, ತಾವೇ ಕಟ್ಟಿದ ವಿಮಾನದೊಡನೆ ಮುಸುಕಿನ ಜೋಳದ ಹೊಲಕ್ಕೆ ಬಿದ್ದು ತೀರಿಕೊಂಡಿದ್ದರು. ಅಕ್ಕ ವರ್ನಾ ಕೇಳಿದ್ದು ಒಂದೇ ಮಾತು: "ಹೊಗೆ ಬಂದಿತ್ತಾ?"

ಬಂದಿತ್ತು.

ಇಂದು ಗುರುವಾರ, ತಮ್ಮನನ್ನು ಮಣ್ಣು ಮಾಡುವ ದಿನ. ಬೆಳಕು ಹರಿಯುವ ಹೊತ್ತಿಗೇ ಅರವತ್ತೊಂಬತ್ತರ ವರ್ನಾ, ಮೆರ್ಲ್ ಹಾಗನ್ ಎಂಬುವರ ವಿಮಾನದೊಳಗೆ ತಲೆ ತೂರಿಸಿ ಅಂಗಾತ ಮಲಗಿದ್ದಾರೆ. ಎಲ್ಡನ್ ಮತ್ತು ಮೆರ್ಲ್ ಜೊತೆಗೂಡಿ ಒಂದೇ ಅಚ್ಚಿನ ಎರಡು ವಿಮಾನ ಕಟ್ಟಿದ ಗೆಳೆಯರು. ಹನ್ನೊಂದಕ್ಕೆ ಮೆರ್ಲ್ ಸ್ಮಶಾನದ ಮೇಲೆ ಹಾರಿ ಗೆಳೆಯನನ್ನು ಬೀಳ್ಕೊಡಬೇಕು. ತಾನು ನೋಡದೆ ಈ ವಿಮಾನ ನೆಲ ಬಿಡಕೂಡದು ಎಂದು ವರ್ನಾ ಹಟ ಹಿಡಿದಿದ್ದಾರೆ.

ಮೂವತ್ತೊಂದು ವರ್ಷಗಳಲ್ಲಿ, ಸುತ್ತಲಿನವರು ತಮ್ಮ ಶೆಡ್ಡುಗಳಲ್ಲಿ ಕಟ್ಟಿಕೊಂಡ ನಲವತ್ತೇಳು ವಿಮಾನಗಳಿಗೆ ವಿದ್ಯುತ್ ತಂತಿ ಎಳೆದವರು ಇವರು. ಪ್ರದರ್ಶನದಲ್ಲಿ ಬಹುಮಾನ ಬಂದರೆ ಫಲಕದ ಮೇಲೆ ಕಟ್ಟಿದವನ ಹೆಸರು. ವಿಮಾನ ಬಿದ್ದರೆ ಎಲ್ಲರ ಬಾಯಲ್ಲೂ ವರ್ನಾ ಹೆಸರು. ತಮ್ಮನ ವಿಮಾನಕ್ಕೆ ವರ್ನಾ ಎಳೆದ ತಂತಿಯದೇ ತಪ್ಪು ಎಂದು ಊರು ನಾಲ್ಕೇ ದಿನದಲ್ಲಿ ತೀರ್ಪು ಕೊಟ್ಟಾಗಿದೆ.

"ಫ್ಯೂಸ್ ಇರೋದು ದೀಪ ಉಳಿಸೋಕಲ್ಲ, ತಂತಿ ಉಳಿಸೋಕೆ," ಎನ್ನುತ್ತಾರೆ ವರ್ನಾ. "ಸಣ್ಣ ತಂತಿಗೆ ಸಣ್ಣ ಫ್ಯೂಸ್. ಅದು ಮತ್ತೆ ಮತ್ತೆ ಹೋಗ್ತಿದ್ರೆ ಏನೋ ತಪ್ಪಿದೆ ಅಂತ ಹೇಳ್ತಿದೆ. ಇವರು ಅದರ ಬಾಯಿ ಮುಚ್ಚಿಸಿ ದೊಡ್ಡದು ತುರುಕ್ತಾರೆ. ಆಮೇಲೆ ತಂತಿನೇ ಉರಿಯುತ್ತೆ."

ಪ್ರತಿ ಫ್ಯೂಸಿನ ಬುಡಕ್ಕೂ ಆಂಪಿಯರ್ ಅಳತೆ ಬರೆದ ಬಟ್ಟೆಯ ಚೀಟಿ ಕಟ್ಟುವುದು ಅವರ ಪದ್ಧತಿ. ವಿಮಾನದ ಮುಂಭಾಗದ ದೀಪದ ಚೀಟಿಯಲ್ಲಿ 'ಐದು' ಎಂದಿದೆ. ಅಲ್ಲಿ ಕುಳಿತಿರುವುದು ಹದಿನೈದರ ಫ್ಯೂಸ್.

"ಮೆರ್ಲ್! ಯಾರು ಹಾಕಿದ್ದು ಇದನ್ನ?"

ಕರಿ ಕೋಟು ತೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತ ಮೆರ್ಲ್ ತಲೆ ತಗ್ಗಿಸುತ್ತಾರೆ. "ದೊಡ್ಡ ದೀಪ ಹಾಕ್ಕೊಂಡ್ವಿ. ಐದರದು ಮೂರು ಸಲ ಹೋಯ್ತು. ಎರಡೂ ವಿಮಾನಕ್ಕೆ ಹದಿನೈದು ಹಾಕೋಣ, ಅಕ್ಕನಿಗೆ ಹೇಳ್ಬೇಡ, ಬೈತಾಳೆ ಅಂದ ಎಲ್ಡನ್."

"ಬೈತಿದ್ದೆ ಕಣೋ! ಬೈಸ್ಕೊಂಡು ಬದುಕಿರೋಕೆ ಏನಾಗಿತ್ತು? ಬೈಗುಳಕ್ಕೆ ಹೆದರೋರು ಬೆಂಕಿಗೆ ಹೆದರಲ್ವಾ?"

"ಇವತ್ತು ಹಗಲಲ್ಲಿ ತಾನೆ ಹಾರೋದು. ದೀಪಾನೇ ಹಚ್ಚಲ್ಲ ಬಿಡು."

"ನಾಳೆ ಹಚ್ತೀಯಲ್ಲ? ಕೋಟು ಬಿಚ್ಚು. ತಂತಿ ಹಿಡಿ."

ಹತ್ತೂವರೆಯ ಹೊತ್ತಿಗೆ ಹಳೆಯ ಸಣ್ಣ ತಂತಿ ನೆಲಕ್ಕೆ ಬಿದ್ದಿದೆ, ಅದರ ಜಾಗದಲ್ಲಿ ದಪ್ಪ ತಂತಿ ಕೂತಿದೆ. ಹದಿನೈದರ ಫ್ಯೂಸ್ ಈಗ ನ್ಯಾಯದ್ದು. ವರ್ನಾ ಹೊಸ ಚೀಟಿ ಕಟ್ಟುತ್ತಾರೆ. "ನನ್ನ ಹೆಸರು ಎಲ್ಲೂ ಬರೀಬೇಡಿ. ಚೀಟಿ ಓದಿ, ಸಾಕು."

ಗೋರಿಯ ಬಳಿ ಮೆರ್ಲ್ ವಿಮಾನದ ಸದ್ದು ತಲೆಯ ಮೇಲೆ ಹಾದು ಹೋಗುತ್ತದೆ. ಎಲ್ಲರೂ ಮೇಲೆ ನೋಡುತ್ತಾರೆ. ವರ್ನಾ ಕಣ್ಣು ಮುಚ್ಚುತ್ತಾರೆ.

"ಕರ್ತನೇ, ನನ್ನ ತಮ್ಮನನ್ನ ನೀನು ಬೈಬೇಡ. ಆ ಕೆಲಸ ನಂದು, ನಾನು ಅಲ್ಲಿಗೆ ಬಂದಾಗ ಬೈತೀನಿ. ಅಲ್ಲೀವರೆಗೂ ಅವನಿಗೆ ನೆಮ್ಮದಿ ಕೊಡು. ಆಮೆನ್."