ಕಾಲೇಜಿಗೆ ಹೊರಟ ನಾಗವೇಣಿಗೆ ಯಾರೂ ಹೇಳದ ಮಾತು

ನಾನು ಪಿಯುಸಿಗೆ ಸೇರಿದ್ದು 2015ರಲ್ಲಿ. ನಮ್ಮದು ಬಂಗಾರಪೇಟೆ ಪಕ್ಕದ ಒಂದು ಹಳ್ಳಿ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆ. ಹತ್ತನೇ ತರಗತಿಯವರೆಗೂ ಕನ್ನಡದಲ್ಲೇ ಓದಿ, ನಮ್ಮ ಹೈಸ್ಕೂಲಿಗೇ ಮೊದಲು ಬಂದಿದ್ದೆ. ಹಾಗಾಗಿ ಎಲ್ಲರೂ ಸೈನ್ಸ್ ತಗೋ ಅಂದರು, ನನಗೂ ಅದೇ ಇಷ್ಟವಿತ್ತು. ಕಾಲೇಜು ಕೆಜಿಎಫ್‌ನಲ್ಲಿ. ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂನಲ್ಲಿ ಇಳಿದು ನಡೆಯಬೇಕು.

ಹೈಸ್ಕೂಲಿನ ಬೀಳ್ಕೊಡುಗೆಯ ದಿನ ನಮಗೆ ಸಿಕ್ಕ ಬುದ್ಧಿಮಾತು ಇಷ್ಟು: ತಲೆ ತಗ್ಗಿಸಿಕೊಂಡು ಹೋಗಿ, ತಲೆ ತಗ್ಗಿಸಿಕೊಂಡು ಬನ್ನಿ. ದೊಡ್ಡವರಿಗೆ ಎದುರು ಮಾತಾಡಬೇಡಿ. ಮನೆಯಲ್ಲಿ ಅಜ್ಜಿ ಅದನ್ನೇ ಬೇರೆ ಥರ ಹೇಳಿದಳು, "ಯಾರ್ ಏನಂದ್ರೂ ಸುಮ್ಕೆ ಓಗ್ಬುಟ್ಟು ಸುಮ್ಕೆ ಬಂದ್ಬುಡು." ಎರಡು ಹೊಸ ಚೂಡಿದಾರ್, ಒಂದು ಬ್ಯಾಗು, ಊಟದ ಡಬ್ಬಿ. ತಯಾರಿ ಮುಗಿಯಿತು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅರ್ಥವಾಗದಿದ್ದರೆ ಏನು ಮಾಡಬೇಕು ಎಂದು ಒಬ್ಬರಾದರೂ ಹೇಳಲಿಲ್ಲ. ರಜೆ ಪೂರ್ತಿ ಖಾಲಿ ಕೂತಿದ್ದೆ. ಮುಂದಿನ ವರ್ಷದ ಪುಸ್ತಕವನ್ನು ಯಾರಾದರೂ ಕೈಗೆ ಕೊಟ್ಟು, ಒಂದು ಸಲ ತಿರುವಿ ಹಾಕು ಅಂದಿದ್ದರೆ ಸಾಕಿತ್ತು.

ಮೊದಲ ವಾರ ಕೆಮಿಸ್ಟ್ರಿ ಕ್ಲಾಸಿನಲ್ಲಿ ಒಂದು ಮಾತೂ ತಲೆಗೆ ಹೋಗಲಿಲ್ಲ. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಅಂತ ಬಾಯಿಪಾಠ ಮಾಡಿದ್ದವಳು ನಾನು. ಅವೇ ಬೇರೆ ಹೆಸರಿಟ್ಟುಕೊಂಡು ಎದುರಿಗೆ ಬಂದರೆ ಗುರುತೇ ಹತ್ತುತ್ತಿರಲಿಲ್ಲ. ಧೈರ್ಯ ಮಾಡಿ ಎದ್ದು ನಿಂತು ಕೇಳಿದೆ.

"ಸಾರ್, ಇದೊಂದನ್ನ ಕನ್ನಡದಲ್ಲಿ ಹೇಳ್ತೀರಾ?"

ಲೆಕ್ಚರರ್ ಬೋರ್ಡಿನಿಂದ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕನ್ನಡ ಬೇಕಿದ್ರೆ ಆರ್ಟ್ಸ್ ಪಕ್ಕದ ರೂಮಲ್ಲೇ ಇದೆ, ಎದ್ದು ಹೋಗಮ್ಮ" ಅಂದು ನಕ್ಕರು. ಇಡೀ ಕ್ಲಾಸು ನಕ್ಕಿತು. ನಗದೆ ಕೂತಿದ್ದವಳು ನನ್ನ ಪಕ್ಕದ ಎಸ್ತರ್ ಒಬ್ಬಳೇ. ಅವಳು ಕೆಜಿಎಫ್‌ನ ಗಣಿ ಕಾಲೊನಿ ಚಾಂಪಿಯನ್ ರೀಫ್ಸ್‌ನವಳು, ಮನೆಮಾತು ತಮಿಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಳು. "ಬಿಡು ಡೀ, ಆಮೇಲೆ ನಾನು ಹೇಳ್ತೀನಿ" ಅಂತ ಪಿಸುಗುಟ್ಟಿದಳು. ಆದರೆ ನಾನು ಆ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡೆ. ಊರಿನವರು ಹೇಳಿಕೊಟ್ಟಿದ್ದೂ ಅದನ್ನೇ ತಾನೆ.

ದಸರಾ ರಜೆ ಮುಗಿದ ಮೇಲೆ ಲ್ಯಾಬ್ ಶುರುವಾಯಿತು. ಒಂದು ದಿನ ಟೆಸ್ಟ್ ಟ್ಯೂಬಿಗೆ ಒಂದಿಷ್ಟು ಉಪ್ಪಿನಂಥ ಪುಡಿ ಹಾಕಿ, ಮೇಲೆ ಆಸಿಡ್ ಬಿಟ್ಟು, ಬಿಸಿ ಮಾಡಿ ನೋಡಬೇಕಿತ್ತು. ಲೆಕ್ಚರರ್ ಬಾಗಿಲ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಗಡಗಡ ಏನೋ ಹೇಳಿ, ಫೋನು ಬಂತೆಂದು ಆಚೆ ಹೋದರು. ನನ್ನ ಕಿವಿಗೆ ಬಿದ್ದಿದ್ದು 'ಹೀಟ್' ಅನ್ನುವ ಒಂದೇ ಪದ. ಸ್ವಲ್ಪವೇ ಬಿಸಿ ಮಾಡಬೇಕು, ಟ್ಯೂಬಿನ ಬಾಯಿ ಯಾರ ಕಡೆಗೂ ಇರಬಾರದು ಎನ್ನುವುದೆಲ್ಲ ಆ ಗಡಗಡದೊಳಗೆ ಹೋಗಿಬಿಟ್ಟಿತ್ತು. ನಾನು ಟ್ಯೂಬನ್ನು ನೇರ ಉರಿಯ ಮೇಲೆ ಹಿಡಿದೆ. ಅದರ ಬಾಯಿ ಎಸ್ತರ್ ಕಡೆಗಿತ್ತು.

ಒಳಗಿದ್ದದ್ದು ಕುದಿದು ಒಮ್ಮೆಗೇ ಚಿಮ್ಮಿತು. ಎಸ್ತರ್ "ಅಮ್ಮಾ!" ಎಂದು ಕಿರುಚಿ ಕತ್ತು ಹಿಡಿದುಕೊಂಡಳು. ನನ್ನ ಮಣಿಕಟ್ಟಿಗೂ ಹನಿ ಬಿದ್ದು ಉರಿ ಹತ್ತಿತು, ಆದರೆ ನಾನು ಅವಳನ್ನೇ ನೋಡುತ್ತಾ ಮರಗಟ್ಟಿ ನಿಂತಿದ್ದೆ. ಅವಳೇ ಓಡಿ ನಲ್ಲಿಯ ಕೆಳಗೆ ಕತ್ತು ಒಡ್ಡಿದಳು. ಆಮೇಲೆ ಯಾರೋ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇನ್ನೊಂದಿಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ಮಾರನೆಯ ದಿನ ಅಪ್ಪನನ್ನು ಕಾಲೇಜಿಗೆ ಕರೆಸಿದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದ. ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಅವರೂ ಕೂತಿದ್ದರು, ಲೆಕ್ಚರರೂ ಕೂತಿದ್ದರು. ಪಕ್ಕದಲ್ಲಿ ಕುರ್ಚಿ ಖಾಲಿ ಇದ್ದರೂ ಅಪ್ಪನಿಗೆ ಕೂರು ಅನ್ನಲಿಲ್ಲ. ಅಪ್ಪ ಕೈ ಮುಗಿದುಕೊಂಡು ನಿಂತಿದ್ದ.

ಲೆಕ್ಚರರ್ ಹೇಳಿದರು, "ನಿಮ್ಮ ಹುಡುಗಿ ತಲೆಗೆ ಸೈನ್ಸ್ ಹತ್ತಲ್ಲ. ಇನ್ನೊಬ್ಬರ ಮಗಳ ಕಣ್ಣು ತೆಗೀತಿದ್ಲು. ಟಿ.ಸಿ. ಕೊಡ್ತೀವಿ, ಎಲ್ಲಾದ್ರೂ ಆರ್ಟ್ಸ್‌ಗೆ ಸೇರಿಸಿ."

"ತಪ್ಪಾಯ್ತು ಸ್ವಾಮಿ. ನೀವೆಂಗೇಳ್ತೀರೋ ಅಂಗೇ ಮಾಡ್ತೀನಿ" ಅಂದ ಅಪ್ಪ.

ಅಷ್ಟರಲ್ಲಿ ಎಸ್ತರ್ ತನ್ನ ಅಮ್ಮನ ಜೊತೆ ಒಳಗೆ ಬಂದಳು. ಕತ್ತಿಗೆ ದಪ್ಪ ಬ್ಯಾಂಡೇಜು. ಆ ತಾಯಿ ಮನೆಯಲ್ಲಿ ಹೊಲಿಗೆ ಮಾಡುವವರು, ನಾನು ಅವರನ್ನು ನೋಡಿದ್ದು ಅದೇ ಮೊದಲು. ಇನ್ನು ಇವರೂ ಸೇರಿ ಬೈಯುತ್ತಾರೆ ಎಂದು ನಾನು ಗೋಡೆಗೆ ಅಂಟಿ ನಿಂತೆ. ಅವರು ಕೋಣೆಯನ್ನು ಒಂದು ಸಲ ನೋಡಿದರು. ಖಾಲಿ ಕುರ್ಚಿಯನ್ನು ಜೋರಾಗಿ ಎಳೆದು ಅಪ್ಪನ ಹಿಂದೆ ಇಟ್ಟರು.

"ಅಣ್ಣಾ, ಉಕ್ಕಾರುಂಗ. ಮೊದ್ಲು ನೀವು ಕೂತ್ಕೊಳ್ಳಿ."

ಅಪ್ಪ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ಲೆಕ್ಚರರ್ ಏನಂದಾರೋ ಎಂದು ಅವರ ಮುಖವನ್ನೇ ನೋಡಿದ. ಯಾವತ್ತೂ ಯಾರಿಗೂ ಕೇಡು ಬಯಸದ ಮನುಷ್ಯ, ಕುರ್ಚಿಯಲ್ಲಿ ಕೂರುವುದಕ್ಕೂ ಅಪ್ಪಣೆ ಬೇಕೆಂದು ನಿಂತಿದ್ದ. ನನ್ನೊಳಗೆ ಏನೋ ಹೊತ್ತಿಕೊಂಡಿತು.

"ಸಾರ್, ನಾನು ಕೇಳಿದ್ದೆ" ಅಂದೆ. "ಮೊದಲನೇ ವಾರಾನೇ ಎದ್ದು ನಿಂತು ಕೇಳಿದ್ದೆ. ನೀವು ನಕ್ಕಿರಿ. ಅವತ್ತು ಹೇಳಿಕೊಟ್ಟಿದ್ರೆ ನಿನ್ನೆ ಇದು ಆಗ್ತಿರ್ಲಿಲ್ಲ. ನಾನು ಆರ್ಟ್ಸ್‌ಗೂ ಹೋಗಲ್ಲ, ಟಿ.ಸಿ.ನೂ ತಗೊಳ್ಳಲ್ಲ."

"ಸುಮ್ಕಿರಮ್ಮ, ಸುಮ್ಕಿರು" ಎಂದು ಅಪ್ಪ ನನ್ನ ತೋಳು ಹಿಡಿದ.

"ನೋಡಿದ್ರಾ ಮೇಡಂ, ಎಷ್ಟು ಕೊಬ್ಬು?" ಎಂದು ಲೆಕ್ಚರರ್ ಎದ್ದು ನಿಂತರು.

ಎಸ್ತರ್ ಮುಂದೆ ಬಂದಳು. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ಪ್ರಿನ್ಸಿಪಾಲರ ಕಡೆ ತಿರುಗಿಸಿ ಹೇಳಿದಳು, "ಅವಳು ಹೇಳಿದ್ದು ನಿಜ ಮೇಡಂ. ನಾನು ಪಕ್ಕದಲ್ಲೇ ಇದ್ದೆ. ನಿನ್ನೆ ಸಾರ್ ಲ್ಯಾಬಲ್ಲೇ ಇರ್ಲಿಲ್ಲ." ಅವಳ ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟು, "ಸುಟ್ಟಿದ್ದು ನನ್ ಪೊಣ್ಣುಗೆ. ಕಂಪ್ಲೇಂಟ್ ಕೊಡೋದಿದ್ರೆ ನಾನು ಕೊಡ್ಬೇಕು. ಈ ಹುಡುಗಿ ಮೇಲೆ ಕೊಡಲ್ಲ. ಯಾರ ಮೇಲೆ ಕೊಡ್ಲಿ, ನೀವೇ ಹೇಳಿ" ಅಂದರು.

ಪ್ರಿನ್ಸಿಪಾಲರು ಮತ್ತೆ ಟಿ.ಸಿ. ಮಾತೆತ್ತದೆ, "ಆಯ್ತು, ಕ್ಲಾಸಿಗೆ ಹೋಗಿ" ಅಂದರು. ಅಷ್ಟೇ. ಯಾರೂ ತಪ್ಪಾಯಿತು ಎನ್ನಲಿಲ್ಲ. ಆ ಲೆಕ್ಚರರ್ ವರ್ಷವಿಡೀ ನನ್ನನ್ನು ನಾಗವೇಣಿ ಎಂದು ಹೆಸರು ಹಿಡಿದು ಕರೆಯಲಿಲ್ಲ. ಆದರೆ ನಾನು ಕೇಳುವುದನ್ನು ನಿಲ್ಲಿಸಲಿಲ್ಲ. ಅವರು ಉತ್ತರ ಕೊಡದಿದ್ದರೆ ಫಿಸಿಕ್ಸ್ ಮೇಡಂ ಹತ್ತಿರ ಹೋದೆ, ಅವರೂ ಸಿಗದಿದ್ದರೆ ಎಸ್ತರ್ ಮನೆಗೆ ಹೋದೆ. ಅಲ್ಲಿ ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ತಮಿಳು, ಕನ್ನಡ, ಇಂಗ್ಲಿಷ್ ಎಲ್ಲ ಕಲಸಿ ಓದಿದೆವು. ಇಬ್ಬರೂ ಪಾಸಾದೆವು. ನಾನೀಗ ಬಂಗಾರಪೇಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಅವಳು ನರ್ಸ್.

ಹೋದ ತಿಂಗಳು ಪಕ್ಕದ ಮನೆಯಾಕೆ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಹತ್ತನೇ ತರಗತಿ ಬರೆದಿದ್ದಾಳೆ. "ಕಾಲೇಜ್ಗೋಗ್ತಾಳಂತೆ, ವಸಿ ಬುದ್ಧಿ ಏಳು. ಬಾಯ್ಮುಚ್ಕೊಂಡು ಓದೋದು ಕಲ್ಸು" ಅಂದಳು.

ನನಗೆ ಎಲ್ಲಿತ್ತೋ ಕೋಪ. "ಬಾಯಿ ಮುಚ್ಕೊಂಡು ಓದೋಕಾಗಲ್ಲ ಅಕ್ಕ. ನಿಮ್ಮಂಥೋರು ಹಾಗೆ ಹೇಳಿ ಹೇಳೀನೇ ನಮ್ಮನ್ನ ಹಾಳು ಮಾಡಿದ್ದು" ಎಂದು ಕೂಗಿಬಿಟ್ಟೆ. ಹುಡುಗಿ ಹೆದರಿ ಬಾಗಿಲ ಕಡೆ ಸರಿದಳು. ನಾನು ಅವಳಿಗೆ ಹೇಳಿದೆ, ಹದಿನಾರರ ನನಗೇ ಹೇಳುವಂತೆ ಹೇಳಿದೆ. ಈ ರಜೆಯಲ್ಲೇ ಪುಸ್ತಕ ತಗೋ, ಇಂಗ್ಲಿಷ್ ಹೆಸರುಗಳನ್ನು ಈಗಲೇ ಬಾಯಿಗೆ ರೂಢಿ ಮಾಡು. ಕಾಲೇಜು ಶುರುವಾಗುವ ಮೊದಲು ಒಂದು ದಿನ ರೈಲು ಹತ್ತಿ ಹೋಗಿ ನೋಡಿಕೊಂಡು ಬಾ. ತಿಳಿಯದಿದ್ದರೆ ಕೇಳು. ನಕ್ಕರೆ ಮತ್ತೆ ಕೇಳು. ನಗುವವನು ಎಷ್ಟು ಓದಿದ್ದರೂ ಕೇಳು. ನಿನ್ನ ಜೊತೆ ನಗದೇ ಕೂರುವವಳು ಯಾರೆಂದು ನೋಡಿಟ್ಟುಕೋ. ನಿನ್ನ ಅಪ್ಪನನ್ನು ಕರೆಸಿದರೆ, ಮೊದಲು ಅವನನ್ನು ಕೂರಿಸು.

ಪಕ್ಕದ ಮನೆಯಾಕೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ಬಾಯಿ ಜಾಸ್ತಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ಹೇಳಲಿ. ಇಷ್ಟು ವರ್ಷವಾದರೂ ಆ ಕೋಣೆ ನೆನಪಾದರೆ ನನಗೆ ಕೋಪ ಬರುತ್ತದೆ. ಕೋಪ ಬಿಡು, ಮರೆತುಬಿಡು ಎನ್ನುವವರಿದ್ದಾರೆ. ಆ ಕೋಪವೇ ಇಲ್ಲದಿದ್ದರೆ ನಾನು ಅವತ್ತು ಟಿ.ಸಿ. ಹಿಡಿದುಕೊಂಡು, ತಲೆ ತಗ್ಗಿಸಿ, ಅಪ್ಪನ ಹಿಂದೆ ಮನೆಗೆ ಹೋಗಿರುತ್ತಿದ್ದೆ.