ಪರದೆ ಸವೆದಿದೆ ಎಂದರು ಡಾಕ್ಟರು

ಮ್ಯಾಚಿಂಗಮ್ಮನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದನ್ನು ಕಟ್ಟಿಕೊಂಡ ಗಂಡನೇ ಮರೆತು ಎಷ್ಟೋ ಕಾಲವಾಗಿತ್ತು, ಇನ್ನು ಬೀದಿಯವರು ಯಾಕೆ ನೆನಪಿಟ್ಟುಕೊಳ್ಳುತ್ತಾರೆ ಹೇಳಿ. ಬಟ್ಟೆ ಅಂಗಡಿಯಲ್ಲಿ ಅಳೆದು ಹರಿದು ಕೊಡುವುದು ಅವಳ ಕೆಲಸ. ಯಾರಾದರೂ ಒಂದು ಗುಂಡಿಯನ್ನೋ ಒಂದೆಳೆ ದಾರವನ್ನೋ ತಂದು "ಇದಕ್ಕೆ ಹೊಂದೋ ಬಟ್ಟೆ ಕೊಡಮ್ಮ" ಎಂದರೆ ಮುಗಿಯಿತು, ಆಕೆ ಏಣಿ ಹತ್ತಿ ಅಟ್ಟದ ತುದಿಯಿಂದ ಅದೇ ಬಣ್ಣದ ಬಟ್ಟೆಯ ತಾನು ಎಳೆದು ಗಿರಾಕಿಯ ಮುಂದೆ ಬೀಸುವವರೆಗೂ ನೀರು ಕುಡಿಯುತ್ತಿರಲಿಲ್ಲ. ಅವಳ ಕಣ್ಣಿಗೆ ಕಾಡಿಗೆಯ ಕಪ್ಪು ಬೇರೆ, ಇದ್ದಿಲಿನ ಕಪ್ಪು ಬೇರೆ, ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖದ ಕಪ್ಪೇ ಬೇರೆ. ಸಾವಾದ ಮನೆಗೆ ಹೋದರೂ ಅಷ್ಟೇ. ಅಳುವವರನ್ನು ತಬ್ಬಿಕೊಂಡು ತಾನೂ ನಾಲ್ಕು ಹನಿ ಉದುರಿಸಿ, ಹೊರಗೆ ಬಂದ ಕೂಡಲೇ "ಪಾಪ, ಒಳ್ಳೇ ಮನುಷ್ಯ. ಆದ್ರೆ ಆ ಸೋಫಾಕ್ಕೂ ಆ ಕಿಟಕಿ ಬಟ್ಟೆಗೂ ಒಂಚೂರೂ ಮ್ಯಾಚಿಂಗ್ ಇಲ್ಲ" ಎಂದು ನಿಟ್ಟುಸಿರು ಬಿಡುವವಳು.

ಇಂಥವಳ ಸ್ವಂತ ಮನೆ ಹೇಗಿತ್ತು ಅಂತೀರಾ? ಕೇಳಬೇಡಿ. ಗಂಡ ಪಕ್ಕದ ಮಳಿಗೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದ. ಬೀದಿ ಅವನನ್ನು ಫ್ರೇಮಣ್ಣ ಅನ್ನುತ್ತಿತ್ತು. ಕಟ್ಟು ಹಾಕಲು ಚಿತ್ರ ಕೊಟ್ಟು ಹೋದವರಲ್ಲಿ ಕೆಲವರು ತಿರುಗಿ ಬರುತ್ತಲೇ ಇರಲಿಲ್ಲ. ಮದುವೆ ಫೋಟೋ ಕೊಟ್ಟವರಿಗೆ ಅದು ತಯಾರಾಗುವಷ್ಟರಲ್ಲಿ ಮದುವೆಯೇ ಬೇಡವಾಗಿರುತ್ತಿತ್ತು. ಹೀಗೆ ಅನಾಥವಾದ ಚಿತ್ರಗಳಿಗೆಲ್ಲ ಇವರ ಗೋಡೆಯೇ ತವರುಮನೆ. ಒಂದು ಹಡಗು, ಒಂದು ಕುದುರೆ, ಯಾರದೋ ಮೀಸೆ ತಾತ. ಬಂದವರು "ಇವರು ಯಾರು?" ಎಂದು ಕೇಳಿದರೆ ಫ್ರೇಮಣ್ಣನ ತಾಯಿ, ಅಂದರೆ ನಮ್ಮ ಮ್ಯಾಚಿಂಗಮ್ಮನ ಅತ್ತೆ, ಒಬ್ಬೊಬ್ಬರಿಗೆ ಒಂದೊಂದು ಸಂಬಂಧ ಹೇಳಿ ಕಳಿಸುತ್ತಿದ್ದರು. ಬಟ್ಟೆಯ ಕಥೆಯೂ ಅದೇ. ತಾನಿನ ಕೊನೆಯಲ್ಲಿ ಉಳಿದ ತುಂಡುಗಳೆಲ್ಲ ಮನೆ ಸೇರುತ್ತಿದ್ದವು. ಕುರ್ಚಿಗೆ ಕೆಂಪು, ಅಡುಗೆಮನೆ ಬಾಗಿಲಿಗೆ ಹಳದಿ ಪಟ್ಟೆ, ಮಂಚಕ್ಕೆ ನೀಲಿ ಚೌಕ. ಊರಿಗೆಲ್ಲ ಮ್ಯಾಚಿಂಗ್ ಹಂಚುವವಳ ಮನೆ ಸಂತೆಯ ಹಾಗಿತ್ತು.

ಆ ಸಂತೆಯಲ್ಲಿ ಅತ್ತೆ ರಾಣಿಯ ಹಾಗೆ ಓಡಾಡುತ್ತಿದ್ದರು. ಸಂಜೆ ಸೊಸೆ ಅಂಗಡಿಯಿಂದ ಬಂದರೆ ಕೆಂಪು ಕುರ್ಚಿಯಲ್ಲಿ ಕೂತು "ಹೂಂ, ಶುರು ಮಾಡು, ಇವತ್ತು ಯಾರ ಮಾನ ಹರಾಜಾಯ್ತು?" ಎನ್ನುವರು. ಸೊಸೆ ದಿನದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನಡೆಸಿಕೊಂಡು ಬರುವಳು, ಅತ್ತೆ ಒಬ್ಬೊಬ್ಬರಿಗೂ ಬಾಲ ಅಂಟಿಸಿ ಕಳಿಸುವರು. ಈ ಚಾಡಿಯ ಹೊತ್ತೇ ಮ್ಯಾಚಿಂಗಮ್ಮನ ನಿಜವಾದ ಸಂಬಳ. ಗಂಡನಿಗೆ ಹೇಳೋಣವೆಂದರೆ ಆತ ಎಲ್ಲದಕ್ಕೂ "ಹೂಂ" ಅನ್ನುವವನು. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಹೂಂ, ಆಮೇಲೆ?" ಎಂದು ಕೇಳುವ ಪೈಕಿ.

ಹೀಗಿರುವಾಗ ಅತ್ತೆ ಒಂದು ದಿನ ಕನ್ನಡಕದ ಮೊಳೆ ಸಡಿಲವಾಗಿದೆ ಎಂಬ ನೆಪ ಹೇಳಿ ಬೀದಿ ತುದಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಮೊಳೆ ಗಟ್ಟಿಯಾಗಿಯೇ ಇತ್ತು. ಸಡಿಲವಾಗಿದ್ದದ್ದು ಕಣ್ಣು. ಡಾಕ್ಟರು ದೀಪ ಬಿಟ್ಟು ನೋಡಿ, "ಅಮ್ಮಾ, ಕಣ್ಣೊಳಗೆ ಹಿಂದುಗಡೆ ಒಂದು ಪರದೆ ಇರುತ್ತೆ. ನಿಮ್ಮದು ಸವೆದಿದೆ. ಹೊಸದು ಹಾಕೋಕೆ ಬರಲ್ಲ. ಬಣ್ಣ ಬಣ್ಣದ ದೊಡ್ಡ ವಸ್ತು ಕಾಣ್ತವೆ, ಒಂದರೊಳಗೊಂದು ಬೆರೆತ್ರೆ ಕಾಣಲ್ಲ. ಮನೇಲಿ ಹೇಳಿ" ಎಂದರು.

ಅತ್ತೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದರು. ಸೊಸೆ ನೆಲದ ಮೇಲೆ ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು.

"ಪರದೆ ಸವೆದು ಹೋಗಿದೆಯಂತೆ ಕಣೇ," ಎಂದರು ಅತ್ತೆ. "ಡಾಕ್ಟ್ರು ಹೇಳಿದ್ರು."

ಮ್ಯಾಚಿಂಗಮ್ಮ ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿದಳು. ಬಟ್ಟೆಯಲ್ಲೇ ಹುಟ್ಟಿ ಬಟ್ಟೆಯಲ್ಲೇ ಬೆಳೆದವಳಿಗೆ ಪರದೆ ಎಂದರೆ ಕಿಟಕಿಗೆ ನೇತುಹಾಕುವುದಲ್ಲದೆ ಇನ್ನೇನು?

"ಏನಂದ್ರು? ನಮ್ಮನೆ ಪರದೆ ಸವೆದಿದೆ ಅಂತಲಾ? ಆ ಯಪ್ಪ ಬೆಳಿಗ್ಗೆ ವಾಕಿಂಗ್ ಹೋಗ್ತಾ ನಮ್ಮ ಕಿಟಕೀನ ಯಾಕೆ ನೋಡ್ತಾನೆ ಅಂತ ಈಗ ಗೊತ್ತಾಯ್ತು. ಕಣ್ಣು ನೋಡು ಅಂದ್ರೆ ಕಿಟಕಿ ನೋಡ್ತಾನಲ್ಲ!"

"ಅಲ್ವೇ, ಅದು…"

"ನೀವು ಸುಮ್ನಿರಿ ಅತ್ತೆ. ಮ್ಯಾಚಿಂಗಮ್ಮನ ಮನೆ ಪರದೆ ಸವೆದಿದೆ ಅಂತ ಊರೆಲ್ಲ ಆಡ್ಕೊಂಡ್ರೆ ನಾನು ಅಂಗಡೀಲಿ ಹೇಗೆ ಮುಖ ತೋರಿಸ್ಲಿ?"

ಜೋಡಿಸಿಕೊಂಡು ಬಂದ ಮಾತನ್ನು ಅತ್ತೆ ಅಲ್ಲಿಗೇ ಬಿಟ್ಟರು. ಹೇಳಲು ಮೊದಲೇ ಮನಸ್ಸಿರಲಿಲ್ಲ. ಹೇಳಿದ ಮೇಲೆ ಮಗ ಸೊಸೆ ಇಬ್ಬರೂ ಕೈ ಹಿಡಿದು ಬಚ್ಚಲಿಗೆ ನಡೆಸುತ್ತಾರೆ, ಒಲೆಯ ಹತ್ತಿರ ಬಿಡುವುದಿಲ್ಲ. ಸೊಸೆಯೇ ಬೇರೆ ಅರ್ಥ ಮಾಡಿಕೊಂಡಳಲ್ಲ, ಬದುಕಿದೆ ಎಂದುಕೊಂಡರು.

ಅಲ್ಲಿಂದ ಹಿಡಿಯಿತು ನೋಡಿ ಮ್ಯಾಚಿಂಗಮ್ಮನಿಗೆ ಮನೆ ಅಲಂಕಾರದ ಹುಚ್ಚು. ಬಟ್ಟೆ ಕಂಪನಿಯವರು ಅಂಗಡಿಗೆ ಕೊಟ್ಟು ಹೋದ ಬಣ್ಣದ ಪುಸ್ತಕದಲ್ಲಿ ದೊಡ್ಡವರು ಬರೆದಿದ್ದರು: ನಿಮಗೆ ಇಷ್ಟವಾದ ಒಂದು ಕಲಾಚಿತ್ರವನ್ನು ಆರಿಸಿಕೊಳ್ಳಿ, ಅದರ ಬಣ್ಣ, ಬಳ್ಳಿ, ಗೆರೆಗಳಿಂದಲೇ ಮನೆಗೆ ಸ್ಫೂರ್ತಿ ಪಡೆಯಿರಿ. ಸ್ಫೂರ್ತಿಯಂತೆ! ಅದು ಕಟ್ಟು ಹಾಕಿಸಿಕೊಂಡು ಗಂಡನ ಅಂಗಡಿಯ ಮೂಲೆಯಲ್ಲೇ ಒರಗಿತ್ತು. ಯಾವುದೋ ಹೋಟೆಲಿನವರು ಕಟ್ಟು ಹಾಕಲು ಕೊಟ್ಟು, ಹೋಟೆಲನ್ನೇ ಮುಚ್ಚಿ ಹೋದ ದೊಡ್ಡ ಅಚ್ಚು ಚಿತ್ರ. ಕಡು ಹಸಿರು ಎಲೆ, ಎಲೆಯ ಹಿಂದೆ ಎಲೆ, ಅದರ ಹಿಂದೆ ಬಳ್ಳಿ, ಎಲ್ಲೋ ಮೂಲೆಯಲ್ಲಿ ಒಂದು ಹಕ್ಕಿ. ಮ್ಯಾಚಿಂಗಮ್ಮ ಅದರ ಮುಂದೆ ಕಣ್ಣರಳಿಸಿ ನಿಂತಳು.

"ರೀ, ಇದು ನಮ್ಮ ಹಾಲ್ ಗೋಡೆಗೆ ಬೇಕು."

"ಹೂಂ," ಎಂದ ಫ್ರೇಮಣ್ಣ.

ಅದೃಷ್ಟಕ್ಕೋ ದುರದೃಷ್ಟಕ್ಕೋ ಅಂಥದೇ ಎಲೆಬಳ್ಳಿಯ ತಾನುಗಳು ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಬಹಳ ಕಾಲದಿಂದ ತಪಸ್ಸು ಮಾಡುತ್ತಿದ್ದವು. ಯಾರೂ ಕೊಂಡಿರಲಿಲ್ಲ. ಮಾಲೀಕರು "ತಗೊಂಡ್ ಹೋಗಮ್ಮ ತಾಯಿ, ಇಲಿಗಳೂ ಅದನ್ನ ಮುಟ್ತಿಲ್ಲ" ಎಂದು ಕೈ ಮುಗಿದರು. ಹೊಲಿಗೆ ಯಂತ್ರ ಕೂಗತೊಡಗಿತು. ಕಿಟಕಿಗೆ ಎಲೆ, ಬಾಗಿಲಿಗೆ ಎಲೆ, ಸೋಫಾಕ್ಕೆ ಎಲೆ, ದಿಂಬಿಗೆ ಎಲೆ. ಅಲ್ಲಿಗೆ ನಿಲ್ಲಿಸಿದ್ದರೆ ಅವಳನ್ನು ಮ್ಯಾಚಿಂಗಮ್ಮ ಅಂತ ಯಾಕೆ ಕರೆಯಬೇಕಿತ್ತು? ಗೋಡೆಗೆ ಅದೇ ಹಸಿರು ಬಳಿಸಿದಳು. ಟೀವಿಗೆ ಗವಸು, ನೀರಿನ ಹೂಜಿಗೆ ಗವಸು, ಗವಸುಗಳನ್ನು ಇಡುವ ಪೆಟ್ಟಿಗೆಗೂ ಗವಸು. ಕೆಂಪು ಕುರ್ಚಿ ಎಲೆ ಉಟ್ಟಿತು. ಕೊನೆಗೆ ಅತ್ತೆಯ ಊರುಗೋಲನ್ನೂ ಬಿಡದೆ ಅದಕ್ಕೊಂದು ಉದ್ದನೆಯ ಚೀಲ ಹೊಲಿದು ಹಾಕಿ, ದಾರ ಕಟ್ಟಿ, "ಈಗ ನೋಡಿ ಅತ್ತೆ, ಎಷ್ಟು ಲಕ್ಷಣ!" ಎಂದಳು.

ನೋಡುವುದೆಲ್ಲಿ ಬಂತು. ಅತ್ತೆ ಕೋಲನ್ನು ಸೋಫಾದ ಮೇಲಿಟ್ಟರೆ ಕೋಲು ಮಾಯ. ಕುರ್ಚಿ ಕಾಡಿನೊಳಗೆ ಹೊಕ್ಕು ಕೂತಿತು. ಅಡುಗೆಮನೆಯ ಬಾಗಿಲು ಯಾವುದು, ಕಿಟಕಿ ಯಾವುದು ಎಂದು ಪರದೆಗಳನ್ನು ಎತ್ತಿ ಎತ್ತಿ ನೋಡಬೇಕಾಯಿತು. ಒಂದು ದಿನ ನೀರೆಂದುಕೊಂಡು ಬರಿಯ ಗವಸನ್ನು ಬಗ್ಗಿಸಿದರು. ಅವರು ಕೈಯಿಂದ ಗೋಡೆ ತಡವುತ್ತಾ ನಡೆಯಲು ಶುರುಮಾಡಿದಾಗ ಸೊಸೆಗೆ ಎದೆ ಉಬ್ಬಿಬಂತು.

"ನೋಡಿದ್ರೇನ್ರೀ? ಅತ್ತೆ ಬಾಯಿಬಿಟ್ಟು ಹೇಳಲ್ಲ, ಆದ್ರೆ ಪರದೆ, ಗೋಡೆ ಎಲ್ಲಾ ಸವರಿ ಸವರಿ ನೋಡ್ತಾರೆ. ಅಷ್ಟು ಇಷ್ಟ ಆಗಿದೆ ಅವರಿಗೆ."

"ಹೂಂ."

ಬೀದಿಯವರು ಗುಂಪುಗುಂಪಾಗಿ ಬಂದು ನೋಡಿ ಹೋದರು. "ಅಬ್ಬಬ್ಬಾ, ಕಾಡೇ ಮನೆಗೆ ಬಂದ ಹಾಗಿದೆ" ಎಂದರು. ಮ್ಯಾಚಿಂಗಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು. ಆದರೆ ಸಂಜೆಯ ಚಾಡಿ ನಿಂತುಹೋಗಿತ್ತು. ಅತ್ತೆ ತಮ್ಮ ಕೋಣೆ ಬಿಟ್ಟು ಹಾಲಿಗೇ ಬರುತ್ತಿರಲಿಲ್ಲ. ಕರೆದರೆ ಕಾಲು ನೋವು, ಹೊಟ್ಟೆ ಭಾರ, ನಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡೇ ಹೇಳಿದರು: "ನಾನು ಮಗಳ ಮನೆಗೆ ಹೋಗಿ ಅಲ್ಲೇ ಇರ್ತೀನಪ್ಪ. ಈ ಮನೆ ಇನ್ಮೇಲೆ ನಂಗೆ ಒಗ್ಗಲ್ಲ."

ಮ್ಯಾಚಿಂಗಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಆ ಮಗಳಿಗೂ ತಾಯಿಗೂ ಎಣ್ಣೆ ಸೀಗೆಕಾಯಿ. ಒಂದು ಹಗಲು ಜೊತೆಗಿದ್ದರೆ ಸಂಜೆಗೆ ಪಂಚಾಯಿತಿ ಸೇರಿಸಬೇಕು. ಅಂಥಲ್ಲಿಗೆ ಹೋಗಿ ಉಳಿಯುತ್ತೇನೆ ಎನ್ನುವಷ್ಟು ತನ್ನ ಎಲೆಗಳು ಕೆಟ್ಟವೇ?

"ನನ್ನ ಕೈಕೆಲಸ ಹಿಡಿಸ್ಲಿಲ್ಲ ಅಂದ್ರೆ ನೇರ ಹೇಳಿ ಅತ್ತೆ. ಮನೆ ಬಿಟ್ಟು ಹೋಗ್ತೀನಿ ಅಂತ ಯಾಕೆ ಚುಚ್ತೀರಾ?"

"ನಿನ್ನ ಕೈಕೆಲಸಕ್ಕೇನೇ, ದಿವಿನಾಗಿದೆ. ನಾನೇ ಇದಕ್ಕೆ ಮ್ಯಾಚಿಂಗ್ ಆಗಲ್ಲ."

ಕೋಪ ಬಂತು ಅವಳಿಗೆ, ಅಳುವೂ ಬಂತು. ಅತ್ತೆಯ ಬ್ಯಾಗಿಗೆ ಬಟ್ಟೆ ತುಂಬುವಾಗ ಒಂದೊಂದನ್ನೂ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಆದಷ್ಟು ತಡಮಾಡಿದಳು. ಇನ್ನು ಸಂಜೆ ಬಂದು ಯಾರಿಗೆ ಹೇಳುವುದು? ಆ ಸಿಟ್ಟನ್ನೆಲ್ಲ ಹೊಲಿಗೆ ಯಂತ್ರದ ಮೇಲೆ ತೀರಿಸಿಕೊಂಡು, ಉಳಿದ ಎಲೆ ಬಟ್ಟೆಯಲ್ಲಿ ಗಂಡನಿಗೊಂದು ಅಂಗಿ ಹೊಲಿದುಬಿಟ್ಟಳು. ಫ್ರೇಮಣ್ಣ "ಹೂಂ" ಎಂದು ಹಾಕಿಕೊಂಡ.

ಹೊರಡುವ ದಿನ ಆತ ಆಟೋಗೆ ಕಾಯುತ್ತಾ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ. ಅತ್ತೆ ಕೋಣೆಯಿಂದ ಬಂದು ಗಾಳಿಯಲ್ಲಿ ಕೈಯಾಡಿಸಿ, ಸೋಫಾದ ಬೆನ್ನನ್ನು ಹಿಡಿದು, "ಉಸ್ಸಪ್ಪಾ" ಎಂದು ನೆಟ್ಟಗೆ ಮಗನ ಹೊಟ್ಟೆಯ ಮೇಲೆ ಕೂತರು. ಸೋಫಾ "ಅಯ್ಯಯ್ಯೋ ಅಮ್ಮಾ!" ಎಂದು ಕಿರುಚಿತು. ಮದುವೆಯಾದಂದಿನಿಂದ ಆತ "ಹೂಂ" ಬಿಟ್ಟು ಇಷ್ಟು ದೊಡ್ಡದಾಗಿ ಬೇರೆ ಮಾತಾಡಿದ್ದು ಅದೇ ಮೊದಲು.

ಮ್ಯಾಚಿಂಗಮ್ಮ ನಗುತ್ತಾ ನಗುತ್ತಾ ಗೋಡೆ ಹಿಡಿದುಕೊಂಡಳು. ಸಿಟ್ಟು, ದುಃಖ ಎಲ್ಲ ನಗುವಿನಲ್ಲೇ ಹೊರಬಿತ್ತು. ಕಣ್ಣೊರೆಸಿಕೊಂಡು ನೋಡುತ್ತಾಳೆ, ಅತ್ತೆ ನಗುತ್ತಿಲ್ಲ. ಎದ್ದು ನಿಂತು ಸೋಫಾದ ಮೇಲೆ ಮಗನಿಗಾಗಿ ತಡಕಾಡುತ್ತಿದ್ದಾರೆ. ಊರಿಗೆಲ್ಲ ಬಾಲ ಅಂಟಿಸುವ ಅತ್ತೆಗೆ ಇದಕ್ಕೊಂದು ಬಾಲ ಸಿಗಲಿಲ್ಲ.

"ನೋವಾಯ್ತಾ ಮಗಾ? ನೀನು ಅಲ್ಲಿರೋದು ಕಾಣ್ಲೇ ಇಲ್ಲ. ಸೋಫಾನೂ ಕಾಣ್ಲಿಲ್ಲ."

"ಕಾಣ್ಲಿಲ್ಲ ಅಂದ್ರೆ?" ಎಂದಳು ಮ್ಯಾಚಿಂಗಮ್ಮ.

"ಅವತ್ತೇ ಹೇಳಿದ್ನಲ್ಲೇ, ಪರದೆ ಸವೆದಿದೆ ಅಂತ."

"ಅದು ಕಿಟಕಿ ಪರದೆ ಅಲ್ವಾ?"

"ಕಣ್ಣೊಳಗಿನದು ಕಣೇ! ಕಿಟಕಿ ಪರದೆ ನೋಡೋಕೆ ಡಾಕ್ಟ್ರು ನನ್ನ ಕಣ್ಣಿಗೆ ಯಾಕೆ ದೀಪ ಬಿಡ್ತಾರೆ? ಮೊದ್ಲಾದ್ರೆ ಕೆಂಪಗಿದ್ದಿದ್ದು ಕುರ್ಚಿ, ಹಳದಿ ಕಂಡ್ರೆ ಅಡುಗೆಮನೆ. ಹೇಗೋ ನಡೀತಿತ್ತು. ಈಗ ಎಲ್ಲಾ ಒಂದೇ ಹಸಿರು. ಬಚ್ಚಲು ಅಂತ ಬೀರುವೊಳಗೆ ಹೋಗಿ ನಿಂತಿದ್ದೆ ಮೊನ್ನೆ."

ಬೀದಿಗೆಲ್ಲ ಬಣ್ಣ ಹೇಳುವ ಮ್ಯಾಚಿಂಗಮ್ಮನ ಕಣ್ಣಿಗೆ ಗೋಡೆ ತಡವುತ್ತಾ ನಡೆಯುವ ಮುದುಕಿ ಕಂಡಿರಲಿಲ್ಲ. ಹೊರಗೆ ಆಟೋ ಬಂದು ಹಾರನ್ ಹೊಡೆಯಿತು.

"ರೀ, ಅದನ್ನ ಕಳಿಸಿ."

ಫ್ರೇಮಣ್ಣ ಹೊಟ್ಟೆ ಹಿಡಿದುಕೊಂಡೇ ಎದ್ದು ಹೋದ.

"ಅದ್ಯಾಕೆ ಕಳಿಸ್ತೀಯೇ? ನಾನು ಹೋಗ್ಬೇಕು. ಇಲ್ಲಿದ್ರೆ ನಿಮಗೆ ಭಾರ…"

"ಹೋಗಿ, ಬೇಡ ಅನ್ನಲ್ಲ. ಮೊದ್ಲು ಈ ಚಿತ್ರದಲ್ಲಿ ಏನು ಕಾಣುತ್ತೆ ಹೇಳಿ." ಅವಳು ಅತ್ತೆಯ ಭುಜ ಹಿಡಿದು ಆ ದೊಡ್ಡ ಚಿತ್ರದ ಮುಂದೆ ನಿಲ್ಲಿಸಿದಳು.

ಅತ್ತೆ ಬಹಳ ಹೊತ್ತು ನೋಡಿದರು. "ಕತ್ತಲೆ. ಆ ಮೂಲೇಲಿ ಮಾತ್ರ ಕೆಂಡದ ಥರ ಏನೋ ಒಂದು ಉರೀತಿದೆ."

ಅದು ಹಕ್ಕಿಯ ಎದೆ. ಕಿತ್ತಳೆ. ಅಷ್ಟು ದಿನ ಎಲೆಗಳನ್ನೇ ಎಣಿಸಿದವಳು ಹಕ್ಕಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪುಸ್ತಕದ ದೊಡ್ಡವರು ಹೇಳಿದ ಸ್ಫೂರ್ತಿ ಹಸಿರಿನಲ್ಲಿ ಇರಲಿಲ್ಲ ಎಂದಾಯಿತು. ಅವಳು ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದಳು. ಬರುವಾಗ ಅಂಗಡಿಯ ಅರ್ಧ ಅಟ್ಟ ಅವಳ ಹೆಗಲ ಮೇಲಿತ್ತು.

ಆವತ್ತು ಅತ್ತೆಯನ್ನು ಹಾಲಿನ ಈ ತುದಿಯಲ್ಲಿ ಕೂರಿಸಿ, ಆ ತುದಿಯಲ್ಲಿ ಸೊಸೆ ಒಂದೊಂದೇ ಬಟ್ಟೆ ಬೀಸುತ್ತಾ ಹೋದಳು. ಜನ್ಮದಲ್ಲಿ ಮೊದಲ ಸಲ, ಹೊಂದದ ಬಟ್ಟೆ ಹುಡುಕುವ ಕೆಲಸ!

"ಇದು?"

"ಏನೋ ಅಲ್ಲಾಡ್ತಿದೆ. ನೀನೇನೋ, ಬಟ್ಟೆಯೇನೋ."

"ಇದು?"

"ಹಾಂ! ಅಲ್ಲೇ ಹಿಡಿ. ಅದು ಕುರ್ಚಿಗೆ."

ಕುರ್ಚಿ ಕಿತ್ತಳೆಯಾಯಿತು. ಅಡುಗೆಮನೆಯ ಬಾಗಿಲಿಗೆ ಬಿಳಿಯ ಮೇಲೆ ಕಪ್ಪು ಪಟ್ಟೆ, ಅಂಗೈಯಗಲದ್ದು. ಬಚ್ಚಲ ಬಾಗಿಲಿಗೆ ಗುಲಾಬಿ, ಅದರ ಮೇಲೆ ತಟ್ಟೆಯಷ್ಟು ದೊಡ್ಡ ಹೂವು. ಕೋಲಿನ ಗವಸು ಕಿತ್ತೆಸೆದು ಅರಿಸಿನ ಬಣ್ಣದ ಬಟ್ಟೆ ಸುತ್ತಿದಳು. ಹಸಿರು ಗೋಡೆಯ ಮುಂದೆ ಒಂದೊಂದೂ ಬೊಬ್ಬೆ ಹೊಡೆಯುವಂತೆ ಎದ್ದು ನಿಂತಿತು. ಮ್ಯಾಚಿಂಗಮ್ಮನಿಗೆ ಮಾತ್ರ ಒಂದೊಂದು ಹೊಲಿಗೆಯೂ ಹೊಟ್ಟೆಗೇ ಹಾಕಿದಂತಾಗುತ್ತಿತ್ತು. ಗುಲಾಬಿಯ ಪಕ್ಕ ಕಿತ್ತಳೆ! ನಾಳೆ ಬೀದಿಯವರು ನೋಡಿದರೆ ಏನಂದಾರು? ಅವಳು ಹಲ್ಲು ಕಚ್ಚಿ ಹೊಲಿದಳು.

ಮುಗಿದ ಮೇಲೆ ಅತ್ತೆ ಎದ್ದರು. ಗೋಡೆ ಮುಟ್ಟಲಿಲ್ಲ. ಪಟ್ಟೆ ದಾಟಿ ಅಡುಗೆಮನೆಗೆ ಹೋಗಿ, ತಾವೇ ನೀರು ಬಗ್ಗಿಸಿ ಕುಡಿದು, ತಿರುಗಿ ಬಂದು ಕಿತ್ತಳೆ ಕುರ್ಚಿಯಲ್ಲಿ ಗತ್ತಿನಿಂದ ಕೂತರು. ಸೊಸೆ ಬಾಗಿಲಲ್ಲೇ ಇದ್ದ ಬ್ಯಾಗನ್ನು ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿದಳು. ಅತ್ತೆ ಅದನ್ನು ನೋಡಿದರು. ಬ್ಯಾಗು ನೀಲಿ, ಕಾಣುತ್ತಿತ್ತು. ಆದರೂ ಕಾಣದವರ ಹಾಗೆ ಮುಖ ತಿರುಗಿಸಿದರು. ಸುತ್ತಲೂ ಒಮ್ಮೆ ಕಣ್ಣಾಡಿಸಿ ಮುಖ ಕಿವುಚಿದರು.

"ಥೂ, ಎಂಥ ದರಿದ್ರ ಬಣ್ಣಗಳೇ ಇವು!"

"ಕಾಣ್ತಿವೆ ತಾನೇ ಅತ್ತೆ?"

"ಕಾಣ್ತಿರೋದೇ ತಾಪತ್ರಯ ಕಣೇ. ಬಾ, ಕೂತ್ಕೋ. ಇಷ್ಟು ದಿನ ಅಂಗಡೀಗೆ ಯಾರ್ಯಾರು ಬಂದಿದ್ರು ಹೇಳು."